ಅಂದು ಬೇಡ ಎಂದ ಇಂಜೆಕ್ಷನ್

ಪೆರ್ಲ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನಿನಲ್ಲೇ ಹೇಳಬೇಕೆಂದು ನಾಲ್ಕು ಸಲ ಹೊರಟೆ. ನಾಲ್ಕು ಸಲವೂ ಮಾತು ನಿನ್ನ ಕೆಮ್ಮಿಗೋ ಹಾಸ್ಟೆಲಿನ ಸಾರಿಗೋ ಜಾರಿತು. ಅದಕ್ಕೇ ಈ ಕಾಗದ.

ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಜ್ವರ ಬಿಡುವುದಿಲ್ಲವೆಂದು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ, ನೆನಪುಂಟಾ? ಹೊರಡುವಾಗ ಡಾಕ್ಟರು ಎಚ್‌ಪಿವಿ ಇಂಜೆಕ್ಷನಿನ ಮಾತೆತ್ತಿದರು, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಾರದಂತೆ ತಡೆಯುವ ಲಸಿಕೆ ಅದು. 15 ತುಂಬುವ ಮೊದಲಾದರೆ ಎರಡೇ ಡೋಸ್ ಎಂದರು. "ಮನೆಯಲ್ಲಿ ಕೇಳಿ ಹೇಳ್ತೇನೆ" ಎಂದೆ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. "ಕೂಸಿಂಗೆ ಅದೆಲ್ಲ ಎಂತಕೆ?" ಎಂದು ಅಜ್ಜಿ ಹೇಳುವುದು ಬಸ್ಸಿನಲ್ಲೇ ನನಗೆ ಕೇಳಿಸಿತ್ತು. ನೀನು ಕೇಳಿದಾಗ "ಅದರಿಂದ ಎಂತೆಂತದೋ ಆಗ್ತದಂತೆ" ಎಂದುಬಿಟ್ಟೆ.

ಆ ಹೆದರಿಕೆ ನನ್ನಲ್ಲಿ ಇದ್ದದ್ದು ಪೂರ್ತಿ ಸುಳ್ಳಲ್ಲ. ನಾನು ಹುಟ್ಟಿ ಬೆಳೆದದ್ದು ನಮ್ಮ ಕಾಸರಗೋಡಿನ ಪಡ್ರೆಯಲ್ಲಿ. ಗೇರುತೋಟದ ಮೇಲೆ ಹೆಲಿಕಾಪ್ಟರ್ ಬಂದಾಗ ನಾವು ಮಕ್ಕಳು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಅದು ಸುರಿಯುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಊರವರು ಕರೆಯುತ್ತಿದ್ದದ್ದು 'ಮದ್ದು' ಎಂದೇ. ಬಾವಿ ಮುಚ್ಚಿಕೊಳ್ಳಿ, ಮತ್ತೆ ಎಂತದೂ ಆಗುವುದಿಲ್ಲ ಎಂದು ಹೇಳಿ ಹೋಗುತ್ತಿದ್ದರು. 2000ನೇ ಇಸವಿಯವರೆಗೂ ಅದು ನಡೆಯಿತು. ಸುಪ್ರೀಂ ಕೋರ್ಟು ದೇಶಕ್ಕೇ ಬೇಡವೆಂದದ್ದು 2011ರಲ್ಲಿ. ನನ್ನ ಶಾಲೆಯ ಗೆಳತಿಯ ಮಗ ಹಾಸಿಗೆ ಬಿಟ್ಟು ಏಳಲಾಗದವನು, ನಿನಗೆ ಗೊತ್ತು. ಹೀಗಿರುವಾಗ ಯಾರಾದರೂ ನಗುತ್ತಾ "ಎಂತದೂ ಆಗುವುದಿಲ್ಲಮ್ಮ" ಎಂದರೆ ಈ ಕಡೆಯ ತಾಯಿಗೆ ಮೈ ಬಿಗಿಯಾಗುವುದು ಸಹಜವೇ. ತಿಳಿವಳಿಕೆ ಇಲ್ಲದವರು ಎಂದು ನಮ್ಮನ್ನು ಬೈಯುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದೇ ಇಂಜೆಕ್ಷನಿನ, ಈಗಿನ ತೆಲಂಗಾಣದ ಖಮ್ಮಂ ಜಿಲ್ಲೆಯ ಕತೆಯೂ ನನ್ನ ಕಿವಿಗೆ ಬಿದ್ದಿತ್ತು. 2009ರಲ್ಲಿ ಅಲ್ಲಿಯೂ ಗುಜರಾತಿನ ವಡೋದರದಲ್ಲಿಯೂ ಸಾವಿರಾರು ಹುಡುಗಿಯರಿಗೆ ಕೊಟ್ಟರು. ಕೆಲವು ಮಕ್ಕಳು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ನಿಲ್ಲಿಸಿದರು. ವಾಟ್ಸಾಪಿನಲ್ಲಿ ಕತೆ ಅಲ್ಲಿಗೇ ಮುಗಿಯುತ್ತದೆ. ಈಗ ಕೂತು ಓದಿದೆ: ತನಿಖೆ ಮಾಡಿದವರಿಗೆ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ, ಹಾವು ಕಚ್ಚಿದ್ದು, ನೀರಿಗೆ ಬಿದ್ದದ್ದು ಅದರಲ್ಲಿದ್ದವು. ಆದರೆ ತಾಯಿ ತಂದೆಯನ್ನು ಕೇಳದೆ ಎಷ್ಟೋ ಮಕ್ಕಳ ಕಾಗದಕ್ಕೆ ಹಾಸ್ಟೆಲಿನ ವಾರ್ಡನ್ನೇ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಅದಕ್ಕೇ ಛೀಮಾರಿ ಹಾಕಿತು.

ಇಷ್ಟೆಲ್ಲ ಬರೆದು ಇನ್ನೂ ನಿಜ ಹೇಳಲಿಲ್ಲ, ನೋಡು. ಡಾಕ್ಟರು ಆ ದಿನ "ಮದುವೆಗೆ ಮೊದಲೇ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು" ಎಂದಿದ್ದರು. ನೀನು ಪಕ್ಕದ ಕುರ್ಚಿಯಲ್ಲಿ ಕಾಲು ಆಡಿಸುತ್ತಾ ಕೂತಿದ್ದೆ. ನನಗೆ ಕಿವಿ ಬಿಸಿಯಾಯಿತು. ನನ್ನ ಮಗಳಿಗೆ ಇದನ್ನು ಯಾಕೆ ಹೇಳುತ್ತಾರೆ, ಅವಳೇನು ಅಂಥವಳಾ ಅಂತ. ನಾಚಿಕೆಗೆ ಅಡ್ಡಪರಿಣಾಮದ ಹೆಸರು ಕೊಟ್ಟೆ, ಅಷ್ಟೇ.

ಆ ನಾಚಿಕೆ ಬಿಟ್ಟದ್ದು ದೊಡ್ಡಮ್ಮನಿಂದ. ನಿನಗೆ 'ಹೊಟ್ಟೆಯ ಆಪರೇಷನ್' ಎಂದು ಹೇಳಿದ್ದೆವಲ್ಲ, ಅದೂ ಅರ್ಧ ಸುಳ್ಳು. ಮುಟ್ಟು ನಿಂತು ಆರು ವರ್ಷವಾದ ಮೇಲೆ ಅವಳಿಗೆ ರಕ್ತ ಕಾಣಿಸಿತು. ಉಷ್ಣ ಎಂದುಕೊಂಡು ಎಂಟು ತಿಂಗಳು ಜೀರಿಗೆ ಕಷಾಯ, ಎಳನೀರು ಕುಡಿದಳು. ಮನೆಯವರು ಏಳುವ ಮೊದಲೇ ಬಟ್ಟೆ ಒಗೆದು ಬಚ್ಚಲುಕೊಟ್ಟಿಗೆಯ ಹಿಂದೆ, ಸೌದೆ ರಾಶಿಯ ಆಚೆ ಬದಿಯಲ್ಲಿ ಒಣಹಾಕುತ್ತಿದ್ದಳಂತೆ. ಬಿಸಿಲೂ ಬೀಳದ ಜಾಗ ಅದು. ಪರೀಕ್ಷೆ ಮಾಡಿಸಿದಾಗ ಗರ್ಭಕೋಶದ ಕೊರಳಿನ ಕ್ಯಾನ್ಸರ್.

ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ಫಾರಂ ತುಂಬುತ್ತಾ ಕೇಳಿದಳು: ಮದುವೆ ಎಷ್ಟನೇ ವಯಸ್ಸಿಗೆ, ಹೆರಿಗೆ ಎಷ್ಟು, ಬೇರೆ ಸಂಬಂಧ ಏನಾದರೂ? ತಲೆ ಎತ್ತದೆಯೇ ಕೇಳಿದಳು. ದೊಡ್ಡಮ್ಮ ಹೊರಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಆನು ಎಂತ ತಪ್ಪು ಮಾಡಿದ್ದೆ, ಹೇಳು" ಎಂದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ತೋಟ, ಹಟ್ಟಿ, ಅಡುಗೆಮನೆ ಬಿಟ್ಟು ಬೇರೇನೂ ಕಾಣದವಳು.

ತಪ್ಪೆಂಬುದೇ ಇಲ್ಲ, ಪುಟ್ಟಿ. ಸಂಸಾರ ಮಾಡಿದ ಹೆಚ್ಚಿನವರಿಗೆ, ಗಂಡಸರಿಗೂ ಹೆಂಗಸರಿಗೂ, ಈ ಕ್ಯಾನ್ಸರ್ ತರುವ ಎಚ್‌ಪಿವಿ ಎಂಬ ವೈರಸ್ ಒಂದಲ್ಲ ಒಂದು ಸಲ ತಗಲಿಯೇ ತಗಲುತ್ತದೆ. ಒಂದೆರಡು ವರ್ಷದಲ್ಲಿ ಮೈಯೇ ಅದನ್ನು ಕಳೆದುಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಹದಿನೈದು ಇಪ್ಪತ್ತು ವರ್ಷಕ್ಕೆ ಹೀಗಾಗುತ್ತದೆ. ಈ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಏಳು ಪಾಲು 16, 18 ಎಂಬ ಎರಡೇ ಬಗೆಯ ವೈರಸ್ಸಿನದ್ದು. ಲಸಿಕೆ ಆ ಎರಡನ್ನೂ ತಡೆಯುತ್ತದೆ. ಅದರೊಳಗೆ ಜೀವ ಇರುವ ವೈರಸ್ ಇಲ್ಲ, ಮೇಲಿನ ಚಿಪ್ಪಿನಂಥದ್ದು ಮಾತ್ರ. ಬರೀ ಕರಟ ಮೊಳೆಯುವುದುಂಟಾ? ಆದರೆ ತಗಲಿದ ಮೇಲೆ ಅದನ್ನು ಓಡಿಸುವ ಶಕ್ತಿ ಲಸಿಕೆಗಿಲ್ಲ. "ಮದುವೆಗೆ ಮೊದಲು" ಎಂದದ್ದು ಅದಕ್ಕೆ. ಮೂವತ್ತು ದಾಟಿದ ಮೇಲೆ ತಪಾಸಣೆ ಹೇಗೂ ಬೇಕು. ನಾನು ಹೋದ ತಿಂಗಳು ಮಾಡಿಸಿಕೊಂಡೆ. ಐದು ನಿಮಿಷದ ಕೆಲಸ.

ದೊಡ್ಡಮ್ಮನಿಗೆ ಇಪ್ಪತ್ತೈದು ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಈಗ ಊಟ ಸೇರುತ್ತದೆ.

ತಂಗಿಯ ವಿಷಯ ಕೇಳು. ಶಾಲೆಯಿಂದ ಈ ಇಂಜೆಕ್ಷನಿನದ್ದೇ ಒಂದು ಕಾಗದ ತಂದಳು, ಪೂರ್ತಿ ಮಲಯಾಳದಲ್ಲಿ. ಕನ್ನಡ ಮೀಡಿಯಂ ಮಕ್ಕಳ ತಾಯಂದಿರಿಗೆ ಮಲಯಾಳದ ಕಾಗದ! ಅವಳೇ ಅಕ್ಷರ ಕೂಡಿಸಿ ಓದಿದಳು: "ಗರ್ಭಾಶಯಗಳ ಕ್ಯಾನ್ಸರ್." ಮತ್ತೆ ತಲೆ ಎತ್ತಿ, "ಅಮ್ಮಾ, ಒಬ್ಬಳಿಗೆ ಎಷ್ಟು ಗರ್ಭಾಶಯ ಇರ್ತದೆ?" ಅಲ್ಲಿ 'ಗಳ' ಎಂದರೆ ಕೊರಳು ಎಂದು ಆಶಾ ಕಾರ್ಯಕರ್ತೆ ಹೇಳಿದ ಮೇಲೆಯೇ ನನಗೂ ಗೊತ್ತಾದದ್ದು. ನಕ್ಕೂ ನಕ್ಕೂ ಸಾಕಾಯಿತು. ನಗುತ್ತಲೇ ಅವಳಿಗೆ ಎಲ್ಲವನ್ನೂ ಹೇಳಿದೆ, ನಿನಗೆ ಹೇಳದೆ ಉಳಿದದ್ದನ್ನೂ. ಅವಳಿಗೆ ಹನ್ನೆರಡು. ಕೊಡಿಸುವುದೇ.

ನಿನಗೆ ಹದಿನೆಂಟು ದಾಟಿತು. ನಮ್ಮಲ್ಲಿ 15 ದಾಟಿದವರಿಗೆ ಮೂರು ಡೋಸ್: ಇವತ್ತೊಂದು, ಎರಡು ತಿಂಗಳಿಗೊಂದು, ಆರು ತಿಂಗಳಿಗೊಂದು. ಇಪ್ಪತ್ತರವರೆಗೆ ಒಂದೋ ಎರಡೋ ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಲ್ಲಿ ಹೇಳಿದೆಯಂತೆ. ಡಾಕ್ಟರ ಹತ್ತಿರ ನೀನೇ ಕೇಳು. 2023ರಿಂದ ನಮ್ಮ ದೇಶದ್ದೇ ಸರ್ವಾವ್ಯಾಕ್ ಎಂಬ ಲಸಿಕೆ ಸಿಗುತ್ತದೆ, ಹೊರಗಿನದಕ್ಕಿಂತ ಅಗ್ಗ. ಕಾಳುಮೆಣಸು ಕೊಟ್ಟ ದುಡ್ಡು ತೆಗೆದಿಟ್ಟಿದ್ದೇನೆ. ಆದರೆ ಈ ಸಲ ಸಹಿ ನಿನ್ನದು. ಬೇಡವೆಂದಾದರೆ ಬೇಡ ಅನ್ನು. ಯಾಕೆಂದೂ ಹೇಳು, ನನ್ನ ಹಾಗೆ ಬೇರೆ ಕಾರಣ ಹುಡುಕಬೇಡ.

ಅಜ್ಜಿ ಈಗ ಬಂದು ಯಾರಿಗೆ ಬರೆಯುವುದೆಂದು ಕೇಳಿದರು. ಎಲ್ಲ ಹೇಳಿದೆ. ಸುಮಾರು ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತವರು, "ಎಂಗಳ ಕಾಲಲ್ಲಿ ಇದೆಲ್ಲ ಇತ್ತಿಲ್ಲೆ" ಎಂದು ಎದ್ದು ಹೋದರು. ಹೇಗೆ ಬೇಕಾದರೂ ತೆಗೆದುಕೋ.

ಮುಂದಿನ ಶನಿವಾರ ದೊಡ್ಡಮ್ಮನ ಚೆಕಪ್ ಉಂಟು. ಮೊದಲ ಬಸ್ಸಿಗೆ ನಾವು ಮೂವರೂ ಬರುತ್ತೇವೆ. ಇಂಜೆಕ್ಷನ್ ಆದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂರಬೇಕಂತೆ, ಕೆಲವರಿಗೆ ತಲೆ ತಿರುಗುತ್ತದಂತೆ. ನೀನು ಬರುವುದಾದರೆ ಖಾಲಿ ಹೊಟ್ಟೆಯಲ್ಲಿ ಬರಬೇಡ.

ನಿನ್ನ
ಅಮ್ಮ