ವಿಷಯ: ನೀವು ಕಳಿಸಿದ ‘ಅನುಭವಿ’ ಬೀಜದ ಹೋರಿಯ ಬಗ್ಗೆ ದೂರು

ಮಾನ್ಯರೇ,

ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಈ ಪತ್ರ. ನಿಮ್ಮ ಹೋರಿ ಕೂಡಿದ ಹಸುಗಳು 21 ದಿನಕ್ಕೊಮ್ಮೆ ಮತ್ತೆ ಬೆದೆಗೆ ಬರುತ್ತಿವೆ. ಒಂದಕ್ಕೂ ಗಬ್ಬ ನಿಂತಿಲ್ಲ. ಹಸುಗಳಲ್ಲಿ ದೋಷವಿಲ್ಲ ಎಂದು ಪಶುವೈದ್ಯರು ಬರೆದುಕೊಟ್ಟಿದ್ದಾರೆ. ಹೋರಿ ಕಳಿಸುವ ಮುಂಚೆ ವೀರ್ಯ ಪರೀಕ್ಷೆ ಮಾಡಬೇಕು ಅನ್ನೋ ನಿಯಮ ನಿಮ್ಮದೇ, ಅದನ್ನು ನಾನು ಹೇಳಿಕೊಡಬೇಕಿಲ್ಲ.

ಕಳೆದ ಸಲ ನಿಮ್ಮ ಸಿಬ್ಬಂದಿ ಕೇಳಿದ್ದು: “ಮೇಡಂ, ಹೋರಿ ಹಸುವಿನ ಮೇಲೆ ಹಾರುತ್ತಾ?” ಹಾರುತ್ತೆ ಎಂದೆ. “ಇಳಿದ ಮೇಲೆ ಮತ್ತೆ ಹಾರುತ್ತಾ?” ಹೌದು ಎಂದೆ. “ಎಷ್ಟು ಹೊತ್ತಿಗೆ?” ಅದಕ್ಕೂ ಉತ್ತರ ಕೊಟ್ಟೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಫೋನ್ ಸ್ಪೀಕರಿನಲ್ಲಿತ್ತು ಅಂತ ಆಗ ಗೊತ್ತಾಯಿತು. “ಮತ್ತೇನು ತೊಂದರೆ? ಮನೇಲಿ ಗಂಡಸರಿದ್ರೆ ಫೋನ್ ಕೊಡಿ, ಅವರಿಗೆ ಅರ್ಥ ಆಗುತ್ತೆ.”

ನನಗೆ ಅರ್ಥವಾಗಿದ್ದನ್ನು ಹೇಳುತ್ತೇನೆ, ಅವರಿಗೂ ಓದಿಸಿ. ವೃಷಣದಲ್ಲಿ ವೀರ್ಯಾಣು ತಯಾರಾಗುವ ನಳಿಕೆಗಳು ಬೇರೆ, ಹುರುಪು ಕೊಡುವ ಟೆಸ್ಟೋಸ್ಟೆರಾನ್ ಹಾರ್ಮೋನು ಮಾಡುವ ಕೋಶಗಳು ಬೇರೆ. ವಯಸ್ಸಾದಂತೆ ನಳಿಕೆಗಳು ಹಾಳಾದರೂ ಹಾರ್ಮೋನು ಸಾಕಷ್ಟು ಉಳಿದಿರಬಹುದು. ಆಗ ಹುರುಪು ಇರುತ್ತದೆ, ಫಲ ಇರುವುದಿಲ್ಲ. ಈ ಹೋರಿಯ ವೃಷಣಗಳು ಮೆತ್ತಗಾಗಿವೆ. ಸರಿಯಾದ ಆಕಾರದ ವೀರ್ಯಾಣು ಕನಿಷ್ಠ 70%, ನೇರವಾಗಿ ಮುಂದಕ್ಕೆ ಈಜುವಂಥವು ಕನಿಷ್ಠ 30% ಇರಬೇಕು. ಪರೀಕ್ಷೆಯಲ್ಲಿ ಈ ಹೋರಿ ಎರಡರಲ್ಲೂ ಫೇಲು. ಬಾಲ ಮುರುಟಿದವೇ ಜಾಸ್ತಿ.

ವಯಸ್ಸಾದ ಹೋರಿಗಳೆಲ್ಲ ಹೀಗೇ ಅಂತ ನಾನು ಹೇಳುತ್ತಿಲ್ಲ. ಕೆಲವು ಚೆನ್ನಾಗಿಯೇ ಇರುತ್ತವೆ. ಪರೀಕ್ಷೆ ಅಂತ ಒಂದು ಇರುವುದೇ ಅದಕ್ಕೆ ಅಲ್ವಾ?

“ಒಂದು ವಾರ ರೆಸ್ಟ್ ಕೊಡಿ, ಸರಿಹೋಗುತ್ತೆ” ಎಂದೂ ಹೇಳಿದರು. ಹೋರಿಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಆಮೇಲೆ ಪಕ್ವವಾಗಿ ಹೊರಬರಲು ಇನ್ನೂ ಒಂದು ವಾರಕ್ಕಿಂತ ಜಾಸ್ತಿ. ಜ್ವರವೋ ಬಿಸಿಲೋ ಕಾರಣವಾಗಿದ್ದರೂ ಒಂದು ವಾರ ಸಾಲದು. ಇದು ಮುಪ್ಪು ಸ್ವಾಮಿ, ಸುಸ್ತಲ್ಲ.

ಬದಲಿ ಹೋರಿ ಕೊಡಿ ಎಂದು ಕೇಳಿ ಕೇಳಿ ಸಾಕಾಯಿತು. ಈಗ ಅದೂ ಬೇಡ. ಕಟ್ಟಿದ ಹಣ ಪೂರ್ತಿ ವಾಪಸ್ ಬರಬೇಕು, ಹಸುಗಳು ಬರಡಾಗಿ ನಿಂತ ತಿಂಗಳುಗಳ ನಷ್ಟವೂ ಸೇರಿ. ಇಲ್ಲದಿದ್ದರೆ ವೈದ್ಯರ ವರದಿ ಹಿಡಿದು ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ನಿಮ್ಮಿಂದ ಹೋರಿ ತರಿಸುವ ನನಗೆ ಗೊತ್ತಿರುವ ಹೈನುಗಾರರಿಗೆಲ್ಲ ಅದರ ಪ್ರತಿ ಹೋಗುತ್ತದೆ. ಹೋರಿಯನ್ನು ನಿಮ್ಮ ಆಫೀಸಿನ ಬಾಗಿಲಿಗೇ ಕಟ್ಟಿ ಬರುತ್ತೇನೆ. ಹಾರುತ್ತಾ ಇಲ್ವಾ ಅಂತ ನೀವೇ ನಿಂತು ನೋಡಿಕೊಳ್ಳಿ.

ಇಂತಿ,
ನಿಮ್ಮ ಹಳೆಯ ಗ್ರಾಹಕಿ