ಭಕ್ತಿಯನ್ನು ರಕ್ತಕ್ಕೆ ಕಟ್ಟಿಹಾಕಬೇಡಿ

ಮಾನ್ಯ ಸಂಪಾದಕರೇ,

ದೈವಭಕ್ತಿ ಹುಟ್ಟಿನಿಂದಲೇ ವಂಶವಾಹಿಯಲ್ಲಿ ಬರುತ್ತದೆ ಎಂಬ ಅರ್ಥ ಬರುವಂತೆ ಪತ್ರಿಕೆಯಲ್ಲಿ ಪ್ರಕಟವಾದ ವರದಿ ಅರ್ಧ ಸತ್ಯವನ್ನಷ್ಟೇ ಹೇಳಿದೆ.

ಅಮೆರಿಕದ ಮಿನ್ನೆಸೋಟದ ಸಂಶೋಧಕರು ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನೂ ಅಧ್ಯಯನ ಮಾಡಿ, ಧಾರ್ಮಿಕ ಒಲವಿನಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗಕ್ಕೆ ಅನುವಂಶೀಯತೆ ಕಾರಣವೆಂದು 1990ರಲ್ಲಿ ಹೇಳಿದ್ದು ನಿಜ. ಆದರೆ ಅದು ಸಮೂಹದ ಲೆಕ್ಕ. ಒಬ್ಬನ ಭಕ್ತಿಯಲ್ಲಿ ಅರ್ಧ ರಕ್ತದ್ದು, ಅರ್ಧ ಮನೆಯದ್ದು ಎಂದು ಅರ್ಥವಲ್ಲ. 2004ರಲ್ಲಿ ಅಮೆರಿಕದ ತಳಿವಿಜ್ಞಾನಿ ಡೀನ್ ಹ್ಯಾಮರ್ ಅವರು ಆಧ್ಯಾತ್ಮಿಕ ಒಲವಿಗೆ ನಂಟಿದೆಯೆಂದು ‘ವಿಎಂಎಟಿ2’ ಎಂಬ ಒಂದು ವಂಶವಾಹಿಯ (ಜೀನ್) ಕಡೆ ಬೆರಳು ತೋರಿಸಿದರು. ಅದರ ಪಾಲು ಅಲ್ಪವೆಂದು ಅವರೇ ಒಪ್ಪಿದ್ದಾರೆ.

ಕೊಡವರಾದ ನಮ್ಮ ಐನ್‌ಮನೆಯನ್ನೇ, ಅಂದರೆ ಕುಲದ ಮೂಲಮನೆಯನ್ನೇ ನೋಡಿ. ಸಂಜೆ ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ತೂಗುದೀಪಕ್ಕೆ ಬತ್ತಿ ಸರಿಪಡಿಸಿ, ಎಣ್ಣೆ ಒಂದು ಹನಿಯೂ ಚೆಲ್ಲದಂತೆ ಹೊಯ್ದು, ವಂಶದ ಮೂಲಪುರುಷನಾದ ಗುರುಕಾರಣನನ್ನು ನೆನೆದು ಕೈಮುಗಿಯುವವಳು ಮನೆಯ ಸೊಸೆ. ಬೇರೆ ಒಕ್ಕದಲ್ಲಿ (ಕುಲದಲ್ಲಿ) ಹುಟ್ಟಿದವಳು, ಈ ಕಾರಣನ ರಕ್ತ ಅವಳಲ್ಲಿಲ್ಲ. ಅದೇ ರಕ್ತದ ನನ್ನ ತಮ್ಮನ ಮಗನಿಗೆ ದೇವರಲ್ಲಿ ನಂಬಿಕೆಯಿಲ್ಲ. ‘ವಂಶದಲ್ಲೇ ಹೀಗೆ ಯಾರೂ ಇರಲಿಲ್ಲ’ ಎಂದು ಹಿರಿಯರು ಹಂಗಿಸುವಾಗ ಆ ಹುಡುಗ ತಲೆ ತಗ್ಗಿಸಿ ಕೂರುವುದನ್ನು ಕಂಡು ಸಂಕಟವಾಗುತ್ತದೆ. ಇಂಥ ವರದಿಗಳು ಆ ಮಾತಿಗೆ ವಿಜ್ಞಾನದ ಮುದ್ರೆ ಒತ್ತಿಬಿಡುತ್ತವೆ.

ಆದ್ದರಿಂದ ಅನುವಂಶೀಯತೆಯ ಅಂಕಿ ಪ್ರಕಟಿಸುವಾಗ ಅದರ ಅರ್ಥವೇನೆಂದು ತಜ್ಞರಿಂದ ನಾಲ್ಕು ಸಾಲು ಬರೆಸಿ ಜೊತೆಗೇ ಕೊಡಬೇಕು. ಜಿಲ್ಲೆಯ ಕಾಲೇಜುಗಳ ಜೀವಶಾಸ್ತ್ರ ಅಧ್ಯಾಪಕರೂ ಈ ಬಗ್ಗೆ ಸಾರ್ವಜನಿಕರಿಗೆ ಉಪನ್ಯಾಸ ಏರ್ಪಡಿಸಲಿ.

– ನಿವೃತ್ತ ಶಿಕ್ಷಕಿ, ನಾಪೋಕ್ಲು, ಕೊಡಗು