ಹುಡೇವಿಗೆ ಹುಡೇವು ಅಂತಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ‘ಕುಸಿಯುತ್ತಿರುವ ಪುರಾತನ ಕೋಟೆ’ ಅಂತ ಒಂದು ಚಿತ್ರ ಬಂದಿತ್ತು. ಅದು ನಮ್ಮ ಪಕ್ಕದ ಊರಿನದು. ಅಲ್ಲಿ ಕೋಟೆ ಇಲ್ಲ. ಇರೋದು ಹುಡೇವು, ಅಂದರೆ ಊರ ಕಾವಲಿಗೆ ಕಟ್ಟಿದ ಒಂಟಿ ಗೋಪುರ. ಗುಡಿ ಕಟ್ಟೆ ಮೇಲೆ ಕೂತ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಇಷ್ಟಕ್ಕೆಲ್ಲ ಪತ್ರ ಬರೀಬೇಕಾ ಅನ್ನಬೇಡಿ. ನಾನು ರೋಣದ ಕಡೆ ಬಾಂಡ್ ರೈಟರ್. ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆಯೋದೇ ನನ್ನ ಹೊಟ್ಟೆಪಾಡು. ಈ ಕಸುಬಿನಲ್ಲಿ ಚಕ್ಕುಬಂದಿಯೇ ಜೀವ. ಮನೆಗೆ ನಾಲ್ಕು ದಿಕ್ಕಿಗೆ ಏನಿದೆ ಅಂತ ಸರಿಯಾಗಿ ಬರೆಯದಿದ್ದರೆ ಮಕ್ಕಳ ಕಾಲಕ್ಕೆ ಕೋರ್ಟು ಗ್ಯಾರಂಟಿ.

ಹಳೇ ಪತ್ರಗಳ ಚಕ್ಕುಬಂದಿ ಓದಬೇಕು ನೀವು. ‘ಪೂರ್ವಕ್ಕೆ ಹುಡೇವು, ಪಶ್ಚಿಮಕ್ಕೆ ಅಗಸಿಗೆ ಹೋಗುವ ದಾರಿ, ದಕ್ಷಿಣಕ್ಕೆ ಕಂದಕ.’ ಮಸಿ ಮಾಸಿದ ಆ ಒಂದು ಸಾಲಿನಲ್ಲಿ ಇಡೀ ಊರು ಕಾಣುತ್ತದೆ. ಅಗಸಿ ಅಂದರೆ ಊರ ಹೆಬ್ಬಾಗಿಲು. ದಕ್ಷಿಣಕ್ಕೆ ಕಂದಕ ಅಂತಿದ್ದರೆ ತಿಳಿದವರು ಆ ಜಾಗ ಕೊಳ್ಳುವ ಮುಂಚೆ ಎರಡು ಸಲ ಯೋಚನೆ ಮಾಡುತ್ತಾರೆ. ತುಂಬಿದ ಕಂದಕದ ಮಣ್ಣು ಗಟ್ಟಿ ಇರಲ್ಲ, ಮಳೆ ಜೋರಾದರೆ ನೀರು ಅಲ್ಲೇ ನಿಲ್ಲುತ್ತದೆ.

ಈಗಿನವರು ಏನು ಬರೆಸುತ್ತಾರೆ ಗೊತ್ತಾ? “ಅಲ್ಲೇನ್ ಐತ್ರೀ ಸಾಹೇಬ್ರ, ಮಣ್ಣಿನ ದಿಬ್ಬ. ಖುಲ್ಲಾ ಜಾಗ ಅಂತ ಬರದ್ಬಿಡ್ರಿ.” ಪತ್ರದಲ್ಲಿ ಖುಲ್ಲಾ ಜಾಗ ಆದ ಹುಡೇವಿನ ಬುಡಕ್ಕೆ ಮೊದಲು ತಿಪ್ಪೆ ಬರುತ್ತದೆ, ಆಮೇಲೆ ತಗಡಿನ ಶೆಡ್ಡು. ಕಲ್ಲು ಒಂದೊಂದಾಗಿ ಯಾರದೋ ಮನೆ ಪಾಯಕ್ಕೆ ಹೋಗುತ್ತದೆ.

ಹಾಗಾದರೆ ‘ಕೋಟೆ’ ಅಂತ ಬರೆದರೆ ಉಳಿಯುತ್ತದಾ? ಇಲ್ಲ. ಕೋಟೆ ಅಂದ ಕೂಡಲೇ ಊರವರು ಅದು ಸರ್ಕಾರದ್ದು ಅಂತ ಕೈ ತೊಳೆದುಕೊಳ್ಳುತ್ತಾರೆ. ಕಚೇರಿಯಲ್ಲಿ ಕೇಳಿದರೆ ಇದು ನಮ್ಮ ಪಟ್ಟಿಯಲ್ಲಿಲ್ಲ ಅಂತಾರೆ. ಕೋಟೆ ಅರಸರದು, ಹುಡೇವು ಊರಿನದು. ಕುದುರೆ ಮೇಲೆ ಲೂಟಿಗೆ ಬರುತ್ತಿದ್ದವರನ್ನು ದೂರದಿಂದಲೇ ನೋಡೋದಕ್ಕೆ ಅಂತ ನಮ್ಮ ಕಡೆ ಊರೂರಲ್ಲಿ ಎತ್ತಿದ ಗುಂಡನೆಯ ಗೋಪುರ ಅದು. ನಮ್ಮೂರಿನದರ ಬಾಗಿಲು ಆಳೆತ್ತರಕ್ಕಿಂತ ಮೇಲಿದೆ. ಏಣಿ ಹಾಕಿಯೇ ಹತ್ತಬೇಕು, ಹತ್ತಿದ ಮೇಲೆ ಏಣಿ ಒಳಗೆ ಎಳೆದುಕೊಳ್ಳಬೇಕು. ಬಂದೂಕಿನ ನಳಿಗೆ ಮಾತ್ರ ಹೊರಗೆ ಬರುವಷ್ಟು ಸಣ್ಣ ಕಿಂಡಿಗಳು. ಸುತ್ತ ಗೋಡೆಯಿಲ್ಲ, ಒಳಗೆ ಅರಮನೆಯಿಲ್ಲ. ಅದನ್ನು ಕೋಟೆ ಅಂದರೆ ನೋಡಲು ಬಂದವರು, ಇಷ್ಟೇನಾ ಅಂತ ಮೂಗು ಮುರಿಯುತ್ತಾರೆ.

ಗಜೇಂದ್ರಗಡ ನಮಗೆ ಹತ್ತಿರ. 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಒಪ್ಪಂದ ಆಯ್ತಲ್ಲ, ಅದೇ ಊರು. ಗುಡ್ಡದ ಮೇಲೆ ಗೋಡೆ ಎದ್ದಿದೆ, ಹೆಸರಲ್ಲೇ ಗಡ, ಅಂದರೆ ಗುಡ್ಡದ ಕೋಟೆ, ಇದೆ. ತುಮಕೂರಿನ ಕಡೆ ಇಂಥದ್ದಕ್ಕೇ ದುರ್ಗ ಅಂತಾರೆ, ದೇವರಾಯನದುರ್ಗ, ಹುಲಿಯೂರುದುರ್ಗ. ಚಿತ್ರದುರ್ಗದಲ್ಲಿ ಫಿರಂಗಿ ಇಡುವ ಜಾಗ ಬತೇರಿ, ನಮ್ಮಲ್ಲಿ ಬುರುಜು. ವಿಜಯಪುರದ ಉಪ್ಲಿ ಬುರುಜು ಮಾತ್ರ ತಮಾಷೆ. 1584ರದು, ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಹೋಗುತ್ತದೆ. ಆದರೆ ಯಾವ ಗೋಡೆಗೂ ಸೇರಿಲ್ಲ, ಒಂಟಿಯಾಗಿ ನಿಂತಿದೆ. ನನ್ನ ಲೆಕ್ಕದಲ್ಲಿ ಅದು ಬಾದಶಾಹಿ ಹುಡೇವು! ಇನ್ನು ಕೊಡಗಿನ ಕಡಂಗ ಬೇರೆಯೇ. ಕಾಡು ಗುಡ್ಡ ಬಳಸಿ ಮೈಲಿಗಟ್ಟಲೆ ಹೋಗುವ ಆಳದ ಅಗಳು, ಪಕ್ಕದಲ್ಲಿ ಅದೇ ಮಣ್ಣಿನ ದಿಣ್ಣೆ. ಅದಕ್ಕೆ ಕೋಟೆ ಅಂತ ಹೆಸರಿಟ್ಟರೆ ಕೊಡಗಿನವರು ಸುಮ್ನೆ ಬಿಡ್ತಾರಾ?

ಬೆಂಗಳೂರಿನವರಿಗೂ ಇದು ಬೇಕು. 1791ರ ಮಾರ್ಚ್ 7ರಂದು ಟಿಪ್ಪು ಮೇಲೆ ಬಂದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಹಿಡಿದದ್ದು ಪೇಟೆಯನ್ನು. ಪೇಟೆಗೂ ಅದರದ್ದೇ ಗೋಡೆ, ಕಂದಕ, ಮುಳ್ಳಿನ ಬೇಲಿ ಇತ್ತು. ಕೋಟೆ ಬಿದ್ದದ್ದು 21ರಂದು. ಎರಡನ್ನೂ ಬೆರೆಸಿ ‘ಬೆಂಗಳೂರು ಕೋಟೆ’ ಅಂತ ಬರೆದರೆ ನಡುವಿನ ಎರಡು ವಾರದ ಕಾದಾಟ ಎಲ್ಲಿ ಹೋಯ್ತು?

ಚುನಾವಣೆ ಬಂದಾಗ ನೀವು ಕ್ಷೇತ್ರಕ್ಕೊಂದು ಭದ್ರಕೋಟೆ ಕಟ್ಟಿ ಕೆಡವುತ್ತೀರಿ, ಬೇಸಿಗೆಯಲ್ಲಿ ಮಾವಿನಹಣ್ಣೂ ಮಾರುಕಟ್ಟೆಗೆ ‘ಲಗ್ಗೆ’ ಇಡುತ್ತದೆ. ಅದಕ್ಕೆ ನನ್ನ ತಕರಾರಿಲ್ಲ, ಓದೋಕೆ ಮಜಾ ಇರುತ್ತದೆ. ನಿಜವಾದ ಕಲ್ಲು ಮಣ್ಣಿನ ಚಿತ್ರ ಹಾಕುವಾಗ ಮಾತ್ರ ಆ ಊರಿನವರು ಅದಕ್ಕೆ ಏನಂತಾರೆ ಅಂತ ಒಂದು ಮಾತು ಕೇಳಿ, ಅದನ್ನೇ ಹಾಕಿ. ಪತ್ರಿಕೆಯ ತುಣುಕನ್ನು ನಮ್ಮ ಕಡೆ ಜನ ಮಡಚಿ ಇಟ್ಟುಕೊಳ್ಳುತ್ತಾರೆ. ಜಗಳ ಬಂದಾಗ ಸಾಕ್ಷಿ ಅಂತ ನನ್ನ ಟೇಬಲ್ ಮೇಲೆ ತಂದಿಟ್ಟವರೂ ಇದ್ದಾರೆ. ಪಂಚಾಯ್ತಿಯವರೂ ತಮ್ಮ ಆಸ್ತಿ ಪಟ್ಟಿಯಲ್ಲಿ ‘ಹುಡೇವು’ ಅಂತಲೇ ಒಂದು ಸಾಲು ಸೇರಿಸಿ ಉದ್ದಗಲ ಅಳೆದಿಟ್ಟರೆ ಒಳ್ಳೆಯದು. ಅದಕ್ಕೆ ದೊಡ್ಡ ಖರ್ಚೇನಿಲ್ಲ, ಒಂದು ಟೇಪು ಸಾಕು.

ನಿಮ್ಮ ವರದಿಗಾರರು ಈ ಕಡೆ ಬಂದರೆ ಇನ್ನೂ ನಿಂತಿರುವ ಹುಡೇವುಗಳನ್ನು ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಮಳೆಗಾಲಕ್ಕೆ ಮುಂಚೆ ಬರಲಿ. ಮೇಲಿನದೆಲ್ಲ ಮಣ್ಣಿನ ಕಟ್ಟಡ, ಪ್ರತಿ ಮಳೆಗೂ ಒಂದಿಷ್ಟು ಜಾರುತ್ತದೆ.

— ಒಬ್ಬ ಬಾಂಡ್ ರೈಟರ್, ರೋಣ ತಾಲ್ಲೂಕು, ಗದಗ ಜಿಲ್ಲೆ